ವಿಮಾನವಾಹಕವೆಂದು ಭ್ರಮಿಸಿ ಹೊಡೆದ ಎಣ್ಣೆ ಹಡಗು: ಯುಎಸ್‌ಎಸ್ ನಿಯೋಶೋ, 1939–1942

ಎರಡನೇ ಮಹಾಯುದ್ಧದಲ್ಲಿ ಜಪಾನ್ ಮತ್ತು ಅಮೆರಿಕ ಕಾದಾಡುತ್ತಿದ್ದ ಕಾಲ. 1942ರ ಮೇ 7, ಬೆಳಿಗ್ಗೆ 7 ಗಂಟೆ 22 ನಿಮಿಷ. ಆಸ್ಟ್ರೇಲಿಯಾದ ಈಶಾನ್ಯಕ್ಕಿರುವ ಕೋರಲ್ ಸಮುದ್ರದ ಮೇಲೆ ಹಾರುತ್ತಿದ್ದ ಜಪಾನಿನ ಶೋಕಾಕು ಎಂಬ ವಿಮಾನವಾಹಕ ನೌಕೆಯ ಶೋಧ ವಿಮಾನವೊಂದು ಸುದ್ದಿ ಕಳಿಸಿತು: ಅಮೆರಿಕದ ಹಡಗುಗಳು ಸಿಕ್ಕಿವೆ, 182 ಡಿಗ್ರಿ ದಿಕ್ಕಿನಲ್ಲಿ, 163 ನಾಟಿಕಲ್ ಮೈಲಿ (ಸುಮಾರು 300 ಕಿ.ಮೀ.) ದೂರದಲ್ಲಿ. ಸ್ವಲ್ಪ ಹೊತ್ತಿಗೆ ವಿವರವೂ ಬಂತು: ಒಂದು ವಿಮಾನವಾಹಕ, ಒಂದು ಕ್ರೂಸರ್ (ದೊಡ್ಡ ಫಿರಂಗಿ ಹಡಗು), ಮೂರು ಡೆಸ್ಟ್ರಾಯರ್ (ವೇಗದ ಚಿಕ್ಕ ಯುದ್ಧಹಡಗು). ಅಲ್ಲಿ ನಿಜಕ್ಕೂ ಇದ್ದದ್ದು ಎರಡೇ ಹಡಗು. ಒಂದು, ಯುದ್ಧಹಡಗುಗಳಿಗೆ ಇಂಧನ ತುಂಬುವ ನಿಯೋಶೋ ಎಂಬ ಎಣ್ಣೆ ಹಡಗು, ಇನ್ನೊಂದು ಅದರ ಕಾವಲಿಗಿದ್ದ ಸಿಮ್ಸ್ ಎಂಬ ಡೆಸ್ಟ್ರಾಯರ್.

ನಿಯೋಶೋ ಏಳು ಬಾಂಬ್ ತಿಂದು ಹಾಳಾಯಿತು ಎನ್ನುವುದು ಎಲ್ಲರೂ ಹೇಳುವ ಕಥೆ. ಆದರೆ ಪ್ರಕರಣವನ್ನು ಬಿಡಿಸಿ ನೋಡಿದರೆ, ಹಡಗನ್ನು ಸಾವಿನ ದಾರಿಗೆ ತಂದದ್ದು ಒಂದು ತಪ್ಪು ಗುರುತು. ಅದರ ಜನರಲ್ಲಿ ಹೆಚ್ಚಿನವರನ್ನು ಕೊಂದದ್ದು ತಪ್ಪಾಗಿ ಕೇಳಿಸಿಕೊಂಡ ಒಂದು ಆದೇಶ ಮತ್ತು ನಕ್ಷೆಯ ಮೇಲೆ ತಪ್ಪಾಗಿ ಬಿದ್ದ ಒಂದು ಚುಕ್ಕೆ. ಬಾಂಬುಗಳಿಂದಲೇ ಸತ್ತವರು ಅದಕ್ಕೆ ಹೋಲಿಸಿದರೆ ಕಡಿಮೆ.

ಹಡಗು

ಅಮೆರಿಕದ ಕಾನ್ಸಾಸ್ ಮತ್ತು ಒಕ್ಲಹೋಮಾ ಸೀಮೆಯಲ್ಲಿ ಹರಿಯುವ ನದಿಯೊಂದರ ಹೆಸರು ನಿಯೋಶೋ. ಎಣ್ಣೆ ಹಡಗುಗಳಿಗೆ ನದಿಯ ಹೆಸರಿಡುವುದು ಆಗ ಅಲ್ಲಿನ ನೌಕಾಪಡೆಯ ರೂಢಿಯಾಗಿತ್ತು. ನ್ಯೂಜರ್ಸಿಯ ಕಿಯರ್ನಿಯಲ್ಲಿದ್ದ ಫೆಡರಲ್ ಶಿಪ್‌ಬಿಲ್ಡಿಂಗ್ ಕಟ್ಟೆಯಲ್ಲಿ 1938ರ ಜೂನ್ 22ರಂದು ಕೆಲಸ ಶುರುವಾಯಿತು. 1939ರ ಏಪ್ರಿಲ್ 29ರಂದು ಹಡಗು ನೀರಿಗಿಳಿಯಿತು, ಅದೇ ವರ್ಷ ಆಗಸ್ಟ್ 7ಕ್ಕೆ ಸೇವೆಗೆ ಸೇರಿತು. ಉದ್ದ 553 ಅಡಿ, ಅಗಲ 75 ಅಡಿ, ಪೂರ್ತಿ ತುಂಬಿದಾಗಿನ ತೂಕ 25 ಸಾವಿರ ಟನ್ನಿಗೂ ಮೇಲೆ.

ಸಿಮರಾನ್ ವರ್ಗದ ಈ ಹಡಗುಗಳ ವಿಶೇಷ ವೇಗದಲ್ಲಿತ್ತು. ಆ ಕಾಲದ ವ್ಯಾಪಾರಿ ಟ್ಯಾಂಕರ್ 12–13 ನಾಟ್ (ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ಓಡಿದರೆ ಹೆಚ್ಚು. ಇವು 18 ನಾಟ್ ಓಡುತ್ತಿದ್ದವು. ಎಣ್ಣೆ ಕಂಪನಿಗೆ ಅಷ್ಟು ವೇಗದಿಂದ ಲಾಭವಿಲ್ಲ, ಹೆಚ್ಚುವರಿ ಎಂಜಿನ್ ಬಲ ಬರೀ ಖರ್ಚು. ಯುದ್ಧ ಬಂದರೆ ನೌಕಾಪಡೆಗೆ ಬೇಕಾಗುತ್ತದೆ ಎಂದು ಸರ್ಕಾರವೇ ಆ ವ್ಯತ್ಯಾಸದ ದುಡ್ಡು ಕೊಟ್ಟು ಇವನ್ನು ಕಟ್ಟಿಸಿತು. 13 ನಾಟಿನ ಟ್ಯಾಂಕರ್ ವಿಮಾನವಾಹಕಗಳ ಜೊತೆ ಹೊರಟರೆ ಇಡೀ ಪಡೆಯೇ ಅದರ ನಡಿಗೆಗೆ ಇಳಿಯಬೇಕು.

ಒಡಲಲ್ಲಿ ಹಿಡಿಯುತ್ತಿದ್ದ ಎಣ್ಣೆ ಸುಮಾರು 1,46,000 ಬ್ಯಾರೆಲ್. ಬ್ಯಾರೆಲ್ಲಿಗೆ 159 ಲೀಟರ್ ಲೆಕ್ಕ ಹಿಡಿದರೆ 2 ಕೋಟಿ 32 ಲಕ್ಷ ಲೀಟರ್ ಆಯಿತು. ನಮ್ಮ ಹೆದ್ದಾರಿಯಲ್ಲಿ ಓಡಾಡುವ 20,000 ಲೀಟರಿನ ಟ್ಯಾಂಕರ್ ಲಾರಿಗಳಲ್ಲಿ ಹೇಳುವುದಾದರೆ 1,160 ಲಾರಿ.

ಹಡಗಿನ ರೂಪದ ಬಗ್ಗೆಯೂ ಎರಡು ಮಾತು ಬೇಕು. ಉದ್ದನೆಯ ತಗ್ಗು ಡೆಕ್, ಮುಂಭಾಗದಲ್ಲಿ ಹಡಗು ನಡೆಸುವ ಕೋಣೆಯ ಗೋಪುರ, ಹಿಂಭಾಗದಲ್ಲಿ ಚಿಮಣಿ. ಸಾವಿರಾರು ಅಡಿ ಮೇಲಿನಿಂದ, ಮೋಡದ ಸಂದಿಯಿಂದ ನೋಡಿದವನಿಗೆ ಉದ್ದನೆಯ ಚಪ್ಪಟೆ ಹಡಗು ಕಾಣುತ್ತದೆ, ಪಕ್ಕದಲ್ಲೊಂದು ಚಿಕ್ಕ ಹಡಗು. ಇದೇ ವರ್ಗದ ಸಾಂಗಮನ್, ಸುವಾನಿ, ಚೆನಾಂಗೋ, ಸ್ಯಾಂಟೀ ಎಂಬ ನಾಲ್ಕು ಟ್ಯಾಂಕರುಗಳನ್ನು ಅಮೆರಿಕನ್ನರು 1942ರಲ್ಲಿ ಮೇಲೊಂದು ಹಾರು ಡೆಕ್ ಕೂರಿಸಿ ಚಿಕ್ಕ ವಿಮಾನವಾಹಕಗಳನ್ನಾಗಿ ಮಾಡಿಕೊಂಡರು. ಆ ಪೈಲಟ್‌ನನ್ನು ನೋಡಿ ನಗುವ ಮೊದಲು ಇದನ್ನು ನೆನಪಿಟ್ಟುಕೊಳ್ಳಬೇಕು.

ಪರ್ಲ್ ಹಾರ್ಬರ್

ಸೇವೆಯ ಮೊದಲ ಭಾಗದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಪ್ಯೂಜೆಟ್ ಸೌಂಡ್ ಯಾರ್ಡಿನಲ್ಲಿ ಮಾರ್ಪಾಟಿನ ಕೆಲಸ 1941ರ ಜುಲೈಗೆ ಮುಗಿಯಿತು. ನಂತರ ಅಮೆರಿಕದ ಪಶ್ಚಿಮ ತೀರದಿಂದ ಹವಾಯಿಗೆ ವಿಮಾನದ ಪೆಟ್ರೋಲ್ ಹೊರುವುದೇ ಅದರ ಕೆಲಸ. ಅಂಥ ಒಂದು ಸರದಿಯಲ್ಲಿ ಡಿಸೆಂಬರ್ 6ರಂದು ಹವಾಯಿಯ ನೌಕಾನೆಲೆ ಪರ್ಲ್ ಹಾರ್ಬರ್ ತಲುಪಿ, ಫೋರ್ಡ್ ದ್ವೀಪದ ಪೆಟ್ರೋಲ್ ಕಟ್ಟೆಯಲ್ಲಿ ಸರಕು ಇಳಿಸಿತು. ಒಂದು ಬದಿಗೆ ಕ್ಯಾಲಿಫೋರ್ನಿಯಾ, ಇನ್ನೊಂದು ಬದಿಗೆ ಮೇರಿಲ್ಯಾಂಡ್ ಮತ್ತು ಒಕ್ಲಹೋಮಾ ಎಂಬ ಯುದ್ಧನೌಕೆಗಳು. ಯುದ್ಧನೌಕೆಗಳ ಸಾಲಿನ ನಟ್ಟನಡುವೆ ನಿಂತಿತ್ತು.

ಮರುದಿನ ಜಪಾನಿನ ದಾಳಿ ನಡೆದಾಗ ಟ್ಯಾಂಕ್ ಖಾಲಿಯಾಗಿದೆ ಎಂದು ನೆಮ್ಮದಿ ಪಡುವಂತಿರಲಿಲ್ಲ. ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಆಗಷ್ಟೇ ಖಾಲಿಯಾದ ಟ್ಯಾಂಕ್ ಹೆಚ್ಚು ಅಪಾಯಕಾರಿ. ತುಂಬಿದ್ದರೆ ಒಳಗೆ ಗಾಳಿಗೆ ಜಾಗವಿಲ್ಲ. ಖಾಲಿಯಾದರೆ ಉಳಿದ ಆವಿ ಗಾಳಿಯೊಡನೆ ಬೆರೆತು ಒಂದು ಕಿಡಿಗೆ ಕಾಯುತ್ತಿರುತ್ತದೆ. ಕ್ಯಾಪ್ಟನ್ ಜಾನ್ ಎಸ್. ಫಿಲಿಪ್ಸ್ ಹಡಗನ್ನು ಎಳೆಯುವ ಟಗ್ ದೋಣಿಗೆ ಕಾಯಲಿಲ್ಲ. 8 ಗಂಟೆ 42 ನಿಮಿಷಕ್ಕೆ ಹಡಗನ್ನು ಹಿಮ್ಮುಖವಾಗಿ ಹೊರಡಿಸಿ, ಮಗುಚಿ ಬಿದ್ದಿದ್ದ ಒಕ್ಲಹೋಮಾಕ್ಕೆ ತಾಗದಂತೆ ತಪ್ಪಿಸಿ ಅದೇ ಬಂದರಿನ ಮೆರ್ರಿ ಪಾಯಿಂಟಿಗೆ ಸಾಗಿಸಿದರು. ಟಗ್ ಇಲ್ಲದೆ 553 ಅಡಿಯ ಹಡಗನ್ನು ಬಂದರಿನ ಇಕ್ಕಟ್ಟಿನಲ್ಲಿ ಹಿಂದಕ್ಕೆ ತೆಗೆಯುವುದು ಶಾಂತ ದಿನದಲ್ಲೂ ಬೆವರಿಳಿಸುವ ಕೆಲಸ. ಇದಕ್ಕಾಗಿ ಅವರಿಗೆ ನೇವಿ ಕ್ರಾಸ್ ಎಂಬ ಶೌರ್ಯ ಪದಕ ಬಂತು.

ಎಣ್ಣೆ ಎಂದರೆ ಕಾರ್ಯಾಚರಣೆ

ಎಣ್ಣೆ ಹಡಗು ಕಳೆದುಕೊಂಡರೆ ಏನಾಗುತ್ತದೆ ಎಂಬ ಪಾಠ ನಿಯೋಶೋಗಿಂತ ಮೊದಲೇ ಸಿಕ್ಕಿತ್ತು. 1942ರ ಜನವರಿ 23ರಂದು ನೆಚಿಸ್ ಎಂಬ ಹಳೆಯ ಟ್ಯಾಂಕರನ್ನು ಹವಾಯಿಯ ಪಶ್ಚಿಮಕ್ಕೆ ಜಪಾನಿ ಸಬ್‌ಮರೀನ್ ಮುಳುಗಿಸಿತು. ಅದರ ಎಣ್ಣೆ ನಂಬಿಕೊಂಡು ವೇಕ್ ದ್ವೀಪದ ಮೇಲೆ ದಾಳಿಗೆ ಹೊರಟಿದ್ದ ಲೆಕ್ಸಿಂಗ್ಟನ್ ವಿಮಾನವಾಹಕದ ಪಡೆ ಒಂದು ಗುಂಡೂ ಹಾರಿಸದೆ ವಾಪಸಾಯಿತು. ಮಾರ್ಚ್ 1ಕ್ಕೆ ಜಾವಾದ ದಕ್ಷಿಣದಲ್ಲಿ ಪೀಕಾಸ್ ಎಂಬ ಇನ್ನೊಂದು ಟ್ಯಾಂಕರ್ ಹೋಯಿತು. ಹೀಗೆ ಕೋರಲ್ ಸಮುದ್ರಕ್ಕೆ ಬರುವ ಹೊತ್ತಿಗೆ ವೇಗದ ಎಣ್ಣೆ ಹಡಗು ಒಂದೊಂದೂ ಎಣಿಸಿ ಇಟ್ಟುಕೊಳ್ಳುವ ಸ್ವತ್ತಾಗಿತ್ತು.

ಸಮುದ್ರದಲ್ಲಿ ಎಣ್ಣೆ ತುಂಬುವ ವಿಧಾನ ಹೀಗೆ. ಎರಡೂ ಹಡಗು ಅಕ್ಕಪಕ್ಕ, ಸುಮಾರು 60–80 ಅಡಿ ಅಂತರದಲ್ಲಿ, ಒಂದೇ ದಿಕ್ಕು ಹಿಡಿದು 8ರಿಂದ 12 ನಾಟ್ ವೇಗದಲ್ಲಿ ಸಾಗಬೇಕು. ಮೊದಲು ತೆಳು ದಾರವೊಂದನ್ನು ಎಸೆಯುತ್ತಾರೆ. ಅದರ ತುದಿಗೆ ದಪ್ಪ ಹಗ್ಗ, ಅದರ ಹಿಂದೆ ಹೋಸ್ ಪೈಪ್. ದೊಡ್ಡ ಹಡಗಿಗೆ 6 ಇಂಚಿನ ಹೋಸ್, ಡೆಸ್ಟ್ರಾಯರಿಗೆ 4 ಇಂಚಿನದು. ಟ್ಯಾಂಕರಿನಿಂದ ಹೊರಚಾಚಿದ ಕಂಬದಿಂದ (ಬೂಮ್) ಹೋಸ್ ಅನ್ನು ತೊಟ್ಟಿಲಿನಂಥ ಆಧಾರದಲ್ಲಿ ತೂಗುಬಿಟ್ಟಿರುತ್ತಾರೆ. ಹಡಗುಗಳು ಹತ್ತಿರ ಬಂದರೆ ಅದು ಜೋತು ನೀರಿಗೆ ತಾಗಬಾರದು, ದೂರ ಹೋದರೆ ಬಿಗಿದು ಹರಿಯಬಾರದು.

ತೊಂದರೆ ಬರುವುದು ನೀರಿನಿಂದಲೇ. ಎರಡು ಹಡಗುಗಳ ನಡುವಿನ ಇಕ್ಕಟ್ಟಿನಲ್ಲಿ ನೀರು ವೇಗವಾಗಿ ಹರಿದು ಒತ್ತಡ ಇಳಿಯುತ್ತದೆ. ನಡುಭಾಗಗಳು ಒಂದನ್ನೊಂದು ಎಳೆದುಕೊಳ್ಳುತ್ತವೆ, ಮೂತಿಗಳು ದೂರ ತಳ್ಳಿಕೊಳ್ಳುತ್ತವೆ. ಚುಕ್ಕಾಣಿ ಹಿಡಿದವನು ಡಿಗ್ರಿಗೆ ಡಿಗ್ರಿ ತಿದ್ದುತ್ತಲೇ ಇರಬೇಕು. ಗಂಟೆಗಟ್ಟಲೆ ನಡೆಯುವ ಈ ಕೆಲಸದ ಪೂರ್ತಿ ಹೊತ್ತು ಯಾವ ಹಡಗೂ ತಿರುಗುವಂತಿಲ್ಲ, ಓಡುವಂತಿಲ್ಲ. ಪೆಸಿಫಿಕ್ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ನಿಮಿಟ್ಸ್ ಅವರಿಗೆ ಇದರ ಕಷ್ಟಸುಖ ಯಾರೂ ಹೇಳಿಕೊಡಬೇಕಿರಲಿಲ್ಲ. 1917ರಲ್ಲಿ ಮೌಮಿ ಎಂಬ ಟ್ಯಾಂಕರಿನಲ್ಲಿ ಅಧಿಕಾರಿಯಾಗಿದ್ದಾಗ ಅಟ್ಲಾಂಟಿಕ್ ನಡುವೆ ಡೆಸ್ಟ್ರಾಯರುಗಳಿಗೆ ಎಣ್ಣೆ ತುಂಬಿಸಿ ಈ ವಿದ್ಯೆ ಬೆಳೆಸಿದವರಲ್ಲಿ ಅವರೂ ಒಬ್ಬರು.

ಕೋರಲ್ ಸಮುದ್ರದಲ್ಲಿ ಮೇ 1ರಿಂದ ಅಮೆರಿಕದ ರಿಯರ್ ಅಡ್ಮಿರಲ್ ಫ್ಲೆಚರ್ ಅವರ ಯಾರ್ಕ್‌ಟೌನ್ ವಿಮಾನವಾಹಕದ ಪಡೆ ನಿಯೋಶೋದಿಂದ ಎಣ್ಣೆ ತುಂಬಿಕೊಂಡಿತು. ಲೆಕ್ಸಿಂಗ್ಟನ್ ಪಡೆಗೆ ಕೊಟ್ಟದ್ದು ಟಿಪ್ಪಕನೂ ಎಂಬ ಹಳೆಯ ನಿಧಾನದ ಟ್ಯಾಂಕರ್. ಆಮೇಲೆ ಅದನ್ನು ಎಫಾಟೆ ದ್ವೀಪಕ್ಕೆ ಕಳಿಸಿದ್ದರಿಂದ ಸ್ಥಳದಲ್ಲಿ ಉಳಿದದ್ದು ನಿಯೋಶೋ ಒಂದೇ. ಮೇ 6ರಂದು ಯಾರ್ಕ್‌ಟೌನ್ ಮತ್ತು ಅಸ್ಟೋರಿಯಾ ಕ್ರೂಸರಿಗೆ ಎಣ್ಣೆ ತುಂಬಿದ ಮೇಲೆ, ಸಂಜೆ, ಫ್ಲೆಚರ್ ಅದನ್ನು ಸಿಮ್ಸ್ ಕಾವಲಿನಲ್ಲಿ ದಕ್ಷಿಣಕ್ಕೆ ಕಳಿಸಿದರು. ಗೊತ್ತುಪಡಿಸಿದ ಜಾಗ 16 ಡಿಗ್ರಿ ದಕ್ಷಿಣ, 158 ಡಿಗ್ರಿ ಪೂರ್ವ. ಜಗಳದಿಂದ ದೂರ, ಸುರಕ್ಷಿತ ಎನ್ನುವ ಲೆಕ್ಕ.

ಲೆಕ್ಕ ತಪ್ಪಲ್ಲ. ಆದರೆ ಜಪಾನಿನ ಕಡೆ ರಿಯರ್ ಅಡ್ಮಿರಲ್ ಹಾರಾ ಕೂಡ ಒಂದು ಲೆಕ್ಕ ಹಾಕಿದ್ದರು: ಅಮೆರಿಕದ ವಿಮಾನವಾಹಕಗಳು ದಕ್ಷಿಣದಲ್ಲಿವೆ ಎಂದು. ಹಾಗಾಗಿ ಮೇ 7ರ ಬೆಳಿಗ್ಗೆ 6 ಗಂಟೆಗೆ 12 ಶೋಧ ವಿಮಾನಗಳು ಆ ಕಡೆಗೇ ಹೋದವು. ಫ್ಲೆಚರ್ ಇದ್ದದ್ದು ಪಶ್ಚಿಮಕ್ಕೆ. ಎಲ್ಲಿ ಹುಡುಕಿದರೋ ಅಲ್ಲಿ ಸಿಕ್ಕಿದ್ದು ಎಣ್ಣೆ ಹಡಗು. ವಿಮಾನವಾಹಕವನ್ನು ನಿರೀಕ್ಷಿಸಿ ಹೋದ ಕಣ್ಣಿಗೆ ಅದು ವಿಮಾನವಾಹಕದಂತೆಯೇ ಕಂಡಿತು.

78 ವಿಮಾನ, ಎರಡು ಹಡಗು

8 ಗಂಟೆಗೆ ಶೋಕಾಕು ಮತ್ತು ಜುಯಿಕಾಕು ವಿಮಾನವಾಹಕಗಳಿಂದ 78 ವಿಮಾನಗಳು ಎದ್ದವು: 18 ಜೀರೋ ಫೈಟರ್, 36 ಡೈವ್ ಬಾಂಬರ್, 24 ಟಾರ್ಪಿಡೋ ವಿಮಾನ. ನಾಯಕ ಲೆಫ್ಟಿನೆಂಟ್ ಕಮಾಂಡರ್ ತಕಹಾಶಿ. ಅವು ಎದ್ದು ಇಪ್ಪತ್ತು ನಿಮಿಷ ಆಗಿತ್ತಷ್ಟೆ, ಜಪಾನಿನದೇ ಫುರುತಾಕ ಕ್ರೂಸರಿನ ವಿಮಾನಕ್ಕೆ ಫ್ಲೆಚರರ ನಿಜವಾದ ವಿಮಾನವಾಹಕಗಳು ಕಂಡವು. ಅಷ್ಟರಲ್ಲಿ ಬಾಣ ಬಿಲ್ಲು ಬಿಟ್ಟಾಗಿತ್ತು.

9 ಗಂಟೆ 15ರ ಹೊತ್ತಿಗೆ ತಕಹಾಶಿ ಜಾಗಕ್ಕೆ ಬಂದರು. ಟ್ಯಾಂಕರ್ ಮತ್ತು ಡೆಸ್ಟ್ರಾಯರ್ ಕಂಡವು, ವಿಮಾನವಾಹಕ ಕಾಣಲಿಲ್ಲ. ಹತ್ತಿರದಲ್ಲೇ ಇರಬೇಕೆಂದು ಸುತ್ತಮುತ್ತ ಜಾಲಾಡಿದರು. ಶೋಧ ವಿಮಾನದವರು ತಪ್ಪು ಒಪ್ಪಿಕೊಂಡದ್ದು 10 ಗಂಟೆ 51ಕ್ಕೆ. ಎರಡು ಗಂಟೆಯ ಪೆಟ್ರೋಲ್ ಸುಟ್ಟಿತ್ತು. 11 ಗಂಟೆ 15ಕ್ಕೆ ಟಾರ್ಪಿಡೋ ವಿಮಾನಗಳು ಟಾರ್ಪಿಡೋಗಳನ್ನು ಉಳಿಸಿಕೊಂಡು ಫೈಟರುಗಳ ಜೊತೆ ವಾಪಸಾದವು. 36 ಡೈವ್ ಬಾಂಬರುಗಳು ಮಾತ್ರ ದಾಳಿಗೆ ಇಳಿದವು.

ನಾಲ್ಕು ಸಿಮ್ಸ್ ಮೇಲೆ ಬಿದ್ದವು. ಮೂರು ಬಾಂಬ್ ತಗುಲಿ ಹಡಗು ನಡುವೆ ಮುರಿದು ಕ್ಷಣಗಳಲ್ಲಿ ಮುಳುಗಿತು. ಅದರಲ್ಲಿದ್ದ 190ಕ್ಕೂ ಹೆಚ್ಚು ಜನರಲ್ಲಿ ಕೊನೆಗೆ ಉಳಿದವರು 14. ಉಳಿದ 32 ವಿಮಾನಗಳು ನಿಯೋಶೋ ಮೇಲೆ. ಒಂದೊಂದರಲ್ಲಿ 250 ಕಿಲೋ ಬಾಂಬ್. ಏಳು ನೇರವಾಗಿ ತಗುಲಿದವು, ಎಂಟು ಪಕ್ಕದಲ್ಲೇ ಬಿದ್ದು ಸಿಡಿದವು. ಗುಂಡೇಟು ತಿಂದ ವಿಮಾನವೊಂದು ಹಿಂಭಾಗದ ಫಿರಂಗಿ ನೆಲೆಗೇ ಬಂದು ಅಪ್ಪಳಿಸಿತು. ಎಲ್ಲ ಮುಗಿದದ್ದು ಕಾಲು ಗಂಟೆಯ ಆಸುಪಾಸಿನಲ್ಲಿ.

ಅಮೆರಿಕದವರೂ ಆ ದಿನ ಇಂಥದ್ದೇ ತಪ್ಪು ಮಾಡಿದ್ದರು. ಎರಡು ಕ್ರೂಸರ್, ಎರಡು ಡೆಸ್ಟ್ರಾಯರ್ ಎಂದು ಕಳಿಸಬೇಕಾದ ಸಂಕೇತ, ಎರಡು ವಿಮಾನವಾಹಕ, ನಾಲ್ಕು ಕ್ರೂಸರ್ ಎಂದು ಬಂತು. ಫ್ಲೆಚರ್ 93 ವಿಮಾನ ಕಳಿಸಿಬಿಟ್ಟರು. ದಾರಿಯಲ್ಲಿ ಜಪಾನಿನ ಶೋಹೋ ಎಂಬ ಚಿಕ್ಕ ವಿಮಾನವಾಹಕ ಕಣ್ಣಿಗೆ ಬಿದ್ದದ್ದು ಅದೃಷ್ಟ, ಅದನ್ನು ಮುಳುಗಿಸಿ ಬಂದರು. ಎರಡೂ ಕಡೆ ಒಂದೇ ಬಗೆಯ ತಪ್ಪು. ಒಬ್ಬರಿಗೆ ವಿಮಾನವಾಹಕ ದಕ್ಕಿತು, ಇನ್ನೊಬ್ಬರಿಗೆ ಟ್ಯಾಂಕರ್.

ಬಾಯ್ಲರ್ ಕೋಣೆಯ ನಾಲ್ಕು ವಾಲ್ವ್

ಒಂದು ಬಾಂಬ್ ಬಾಯ್ಲರ್ ಕೋಣೆಯಲ್ಲಿ ಸಿಡಿಯಿತು. ಉಗಿಯಿಂದ ಓಡುವ ಹಡಗಿನಲ್ಲಿ ಬೆಂಕಿಗಿಂತ ಮೊದಲು ಕೊಲ್ಲುವುದು ಉಗಿ. ಬಾಯ್ಲರಿನಿಂದ ಟರ್ಬೈನಿಗೆ ಹೋಗುವ ಮುಖ್ಯ ಕೊಳವೆ ಉಕ್ಕಿನ ಗೋಡೆಗಳನ್ನು ದಾಟಿ ಹೋಗುತ್ತದೆ, ದಾಟುವ ಕಡೆ ಒಂದೊಂದು ಸ್ಟಾಪ್ ವಾಲ್ವ್. ಕೊಳವೆ ಒಡೆದರೆ ಆ ವಾಲ್ವ್ ಮುಚ್ಚಿ, ಕೆಟ್ಟ ಭಾಗವನ್ನು ಉಳಿದದ್ದರಿಂದ ಬೇರ್ಪಡಿಸಬೇಕು. ಇಲ್ಲದಿದ್ದರೆ ಉಳಿದ ಬಾಯ್ಲರುಗಳ ಉಗಿಯೂ ಅದೇ ತೂತಿನಿಂದ ಹೊರಗೆ ಹೋಗುತ್ತದೆ. ವಾಲ್ವ್ ಎಂದರೆ ನಲ್ಲಿಯಂತೆ ಒಂದು ತಿರುವಿಗೆ ಮುಚ್ಚುವಂಥದ್ದಲ್ಲ. ಲೋಹದ ಚಕ್ರ ಹಿಡಿದು ಸುತ್ತು ಸುತ್ತಾಗಿ ತಿರುಗಿಸಬೇಕು, ಚಕ್ರವೂ ಕಾದಿರುತ್ತದೆ.

ರಿಪೇರಿ ತಂಡದ ಮುಖ್ಯಸ್ಥ ಆಸ್ಕರ್ ವಿ. ಪೀಟರ್ಸನ್, ಬಾಯ್ಲರಿನ ನೀರು ನೋಡಿಕೊಳ್ಳುವ ಹಿರಿಯ ನಾವಿಕ. ತಂಡದ ಉಳಿದವರು ಗಾಯಗೊಂಡು ಬಿದ್ದಿದ್ದರು, ಅವರ ಮುಖ, ಭುಜ, ಕೈಗಳೂ ಸುಟ್ಟಿದ್ದವು. ಆ ಕೈಗಳಲ್ಲೇ ನಾಲ್ಕು ವಾಲ್ವುಗಳನ್ನು ಒಬ್ಬರೇ ಮುಚ್ಚಿದರು. ಮುಚ್ಚುವಾಗ ಇನ್ನಷ್ಟು ಸುಟ್ಟುಕೊಂಡರು. ಕೆಲವು ದಿನಗಳಲ್ಲಿ ತೀರಿಕೊಂಡ ಅವರಿಗೆ ಮರಣೋತ್ತರವಾಗಿ ಅಮೆರಿಕದ ಅತ್ಯುನ್ನತ ಶೌರ್ಯ ಪದಕ ಮೆಡಲ್ ಆಫ್ ಆನರ್ ಸಂದಿತು.

ಹಡಗು ಓಡಲಿಲ್ಲ, ವಿದ್ಯುತ್ ಹೋಯಿತು, ಸುಮಾರು 30 ಡಿಗ್ರಿ ಒಂದು ಬದಿಗೆ ವಾಲಿತು. ಆದರೆ ಮುಳುಗಲಿಲ್ಲ. ಇದಕ್ಕೆ ಕಾರಣ ಅದು ಎಣ್ಣೆ ಹಡಗಾಗಿದ್ದದ್ದೇ. ಒಡಲು ಪೂರ್ತಿ ಉದ್ದಕ್ಕೂ ಅಡ್ಡಕ್ಕೂ ಗೋಡೆ ಹಾಕಿ ವಿಂಗಡಿಸಿದ ಟ್ಯಾಂಕುಗಳು. ಒಂದು ಒಡೆದರೆ ನೀರು ಅದಕ್ಕಷ್ಟೇ ಸೀಮಿತ. ಹಿಂದಿನ ದಿನಗಳಲ್ಲಿ ಎಣ್ಣೆ ಕೊಟ್ಟು ಖಾಲಿಯಾದ ಟ್ಯಾಂಕುಗಳು ಮುಚ್ಚಿದ ಬಿಂದಿಗೆಯಂತೆ ತೇಲಿಸಿದವು. ಹಡಗಿನ ಕುಲುಮೆಗೆ ಸುರಿಯುವ ಕಪ್ಪೆಣ್ಣೆ ಪೆಟ್ರೋಲಿನಂತೆ ತಟ್ಟನೆ ಹೊತ್ತಿಕೊಳ್ಳುವುದೂ ಇಲ್ಲ. ಫಿಲಿಪ್ಸ್ ಎದುರು ಬದಿಯ ಟ್ಯಾಂಕುಗಳಿಗೆ ನೀರು ಬಿಡಿಸಿ ವಾಲುವಿಕೆಯನ್ನು ತುಸು ತಗ್ಗಿಸಿದರು. ಇದರಲ್ಲೂ ಒಂದು ಸೂಕ್ಷ್ಮವಿದೆ. ಟ್ಯಾಂಕ್ ಅರ್ಧ ತುಂಬಿ ನಿಂತರೆ ಹಡಗು ಹೊಯ್ದಾಡಿದಂತೆ ನೀರು ಕೆಳಬದಿಗೇ ಓಡಿ ವಾಲುವಿಕೆ ಹೆಚ್ಚುತ್ತದೆ. ತುಂಬಿಸಿದರೆ ಪೂರ್ತಿ ತುಂಬಿಸಬೇಕು.

ಸಿದ್ಧರಾಗಿ ಎಂದದ್ದು, ಹಾರಿ ಎಂದು ಕೇಳಿಸಿದ್ದು

ಫಿಲಿಪ್ಸ್ ಕೊಟ್ಟ ಆದೇಶ: ಹಡಗು ಬಿಡಲು ತಯಾರಿ ಮಾಡಿಕೊಂಡು ಕಾಯಿರಿ. ಧ್ವನಿವರ್ಧಕ ಸತ್ತಿತ್ತು, ಕಿವಿ ಗಡಚಿಕ್ಕಿತ್ತು, ಸಿಮ್ಸ್ ಕಣ್ಣೆದುರೇ ಮುಳುಗಿತ್ತು. ಬಾಯಿಂದ ಬಾಯಿಗೆ ಹೋಗುವಾಗ ಆದೇಶದ ಕೊನೆಯ ಪದ ಎಲ್ಲೋ ಉದುರಿಹೋಯಿತು. ತೆಪ್ಪಗಳನ್ನು ಕಡಿದು ನೀರಿಗೆ ಬಿಟ್ಟರು, ಗುಂಪುಗುಂಪಾಗಿ ಹಾರಿದರು.

ಕ್ಯಾಪ್ಟನ್ ಎರಡು ದೋಣಿಗಳನ್ನು ಕಳಿಸಿ, ತೆಪ್ಪಗಳನ್ನು ಕಟ್ಟಿ ಎಳೆದು ತನ್ನಿ ಎಂದರು. ದೋಣಿಯವರು ನೀರಲ್ಲಿ ಈಜುತ್ತಿದ್ದವರನ್ನು ಮೊದಲು ಎತ್ತಿಕೊಂಡರು. ಕಣ್ಣೆದುರು ಮುಳುಗುತ್ತಿರುವವನನ್ನು ಬಿಟ್ಟು ತೆಪ್ಪ ಹುಡುಕಿಕೊಂಡು ಹೋಗು ಎಂದರೆ ಯಾರಾದರೂ ಹೋದಾರೇ? ದೋಣಿ ಅಂಚಿನವರೆಗೆ ತುಂಬಿತು, ವಾಪಸು ಬಂದವು, ಅಷ್ಟರಲ್ಲಿ ಕತ್ತಲು. ಗಾಳಿ ತೆಪ್ಪಗಳನ್ನು ದೂರ ಒಯ್ದಿತ್ತು. ರಾತ್ರಿ ತಲೆ ಎಣಿಸಿದಾಗ ಸತ್ತರೆಂದು ಖಚಿತವಾದವರು 20, ಕಾಣೆಯಾದವರು 158.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಕಾಣೆಯಾದವರಲ್ಲಿ ಬಾಂಬಿಗೆ ಬಲಿಯಾದವರೂ ಇದ್ದಿರಬಹುದು, ಆದರೆ ನೀರಿಗೆ ಇಳಿದವರೇ ಬಹಳ. ಅವರು ಬಿಟ್ಟು ಹೋದ ಹಡಗು ಇನ್ನೂ ನಾಲ್ಕು ದಿನ ತೇಲಿತು.

ನಕ್ಷೆಯ ಮೇಲಿನ ಚುಕ್ಕೆ

ವಿದ್ಯುತ್ ಹೋಗುವ ಮೊದಲು ರೇಡಿಯೋದಲ್ಲಿ ಕಳಿಸಿದ ಸ್ಥಾನ 16 ಡಿಗ್ರಿ 25 ಮಿನಿಟ್ ದಕ್ಷಿಣ, 157 ಡಿಗ್ರಿ 31 ಮಿನಿಟ್ ಪೂರ್ವ. ಅದು ತಪ್ಪು. ಬೆಳಗಿನಿಂದ ವಿಮಾನಗಳ ಕಣ್ಣು ತಪ್ಪಿಸಲು ಹಡಗು ಹಾವಿನಂತೆ ತಿರುತಿರುಗಿ ಓಡಿತ್ತು. ಅಂಥ ಓಟದಲ್ಲಿ ವೇಗ, ದಿಕ್ಕು, ಸಮಯ ಹಿಡಿದು ನಕ್ಷೆಯ ಮೇಲೆ ಗೆರೆ ಎಳೆದು ಸ್ಥಾನ ಕಂಡುಹಿಡಿಯುವುದು ಎಂದರೆ ಪ್ರತಿ ತಿರುವಿಗೂ ಒಂದಿಷ್ಟು ತಪ್ಪು ಸೇರುತ್ತಾ ಹೋಗುವ ಕೆಲಸ. ಆ ಅಕ್ಷಾಂಶದಲ್ಲಿ ರೇಖಾಂಶ ಅರ್ಧ ಡಿಗ್ರಿ ತಪ್ಪಿದರೂ ಸುಮಾರು 29 ನಾಟಿಕಲ್ ಮೈಲಿ ಆಚೀಚೆ. ಹಡಗಿನ ಎತ್ತರದಿಂದ ಅದರ ಅರ್ಧದಷ್ಟೂ ಕಾಣುವುದಿಲ್ಲ.

ಹುಡುಕಲು ಹೋದ ಮೊನಾಘನ್ ಡೆಸ್ಟ್ರಾಯರಿಗೆ ಏನೂ ಸಿಗಲಿಲ್ಲ. ಎರಡು ದಿನದ ನಂತರ ಹಡಗಿನವರೇ ಗೆರೆಗಳನ್ನು ಮತ್ತೆ ಪರಿಶೀಲಿಸಿದಾಗ ತಪ್ಪು ಗೊತ್ತಾಯಿತು. ಗೊತ್ತಾಗಿ ಪ್ರಯೋಜನವೇನು, ಹೇಳಲು ರೇಡಿಯೋ ಇರಲಿಲ್ಲ. ಹಡಗು ಗಾಳಿಯ ಹೊಡೆತಕ್ಕೆ ವಾಯವ್ಯದ ಕಡೆ ಜಾರುತ್ತಿತ್ತು. ಅದರ ಮೇಲೆ ಉಳಿದವರು, ಸಿಮ್ಸ್‌ನ ದೋಣಿಯಲ್ಲಿ ಬಂದವರೂ ಸೇರಿ, ವಾಲಿದ ಡೆಕ್ ಮೇಲೆ ಗಾಯಾಳುಗಳನ್ನು ನೋಡಿಕೊಳ್ಳುತ್ತಾ, ಹಡಗು ಹೋದರೆ ಇರಲೆಂದು ಮರ ಜೋಡಿಸಿ ತೆಪ್ಪ ಕಟ್ಟುತ್ತಾ ಕಳೆದರು.

ಮೇ 10ರಂದು ಆಸ್ಟ್ರೇಲಿಯಾದ ವಿಮಾನವೊಂದು ಕಂಡಿತು. 11ರಂದು ಅಮೆರಿಕದ ಕ್ಯಾಟಲೀನಾ ಶೋಧ ವಿಮಾನ ಸ್ಥಾನ ತಿಳಿಸಿತು, ಮಧ್ಯಾಹ್ನ ಹೆನ್ಲಿ ಡೆಸ್ಟ್ರಾಯರ್ ಬಂತು. ನಿಯೋಶೋದ 109 ಮತ್ತು ಸಿಮ್ಸ್‌ನ 14, ಒಟ್ಟು 123 ಜನ ಹತ್ತಿದರು. ಎಳೆದೊಯ್ಯುವ ಸ್ಥಿತಿ ಇರಲಿಲ್ಲ. ಹೆನ್ಲಿ ಟಾರ್ಪಿಡೋ ಬಿಟ್ಟು, ಫಿರಂಗಿಯಿಂದಲೂ ಹೊಡೆದು ಮುಳುಗಿಸಿತು. ಏಳು ಬಾಂಬಿಗೆ ಜಗ್ಗದ ಒಡಲನ್ನು ಸ್ವಂತದವರೇ ಪ್ರಯಾಸಪಟ್ಟು ಮುಳುಗಿಸಬೇಕಾಯಿತು.

ಜಪಾನಿಗೆ ಈ ಬೇಟೆ ದುಬಾರಿಯಾಯಿತು. 78 ವಿಮಾನಗಳ ಬೆಳಗು ಒಂದು ಟ್ಯಾಂಕರಿಗೆ ವ್ಯರ್ಥವಾಯಿತು, ಆ ಹೊತ್ತಿನಲ್ಲಿ ಫ್ಲೆಚರರ ವಿಮಾನಗಳು ಶೋಹೋವನ್ನು ಮುಗಿಸಿದ್ದವು. ಆದರೆ ಅಮೆರಿಕದ ಕಡೆಯ ನಷ್ಟವನ್ನು ಬರೀ ಹಡಗಿನ ಬೆಲೆಯಲ್ಲಿ ಅಳೆಯಲಾಗದು. ಪರ್ಲ್ ಹಾರ್ಬರ್ 3,000 ನಾಟಿಕಲ್ ಮೈಲಿಗೂ ಆಚೆ. ಹಡಗಿನ ವೇಗ ದುಪ್ಪಟ್ಟಾದರೆ ಬೇಕಾಗುವ ಎಂಜಿನ್ ಬಲ ಹೆಚ್ಚುಕಡಿಮೆ ಎಂಟು ಪಟ್ಟು. ಯುದ್ಧದಲ್ಲಿ ಪೂರ್ತಿ ವೇಗದಲ್ಲಿ ಓಡುವ ಡೆಸ್ಟ್ರಾಯರಿನ ಟ್ಯಾಂಕ್ ನೋಡನೋಡುತ್ತ ಖಾಲಿ. ಮೇ 8ರಂದು ಲೆಕ್ಸಿಂಗ್ಟನ್ ಕೂಡ ಹೋದ ಮೇಲೆ ಫ್ಲೆಚರ್ ಅಲ್ಲಿ ನಿಲ್ಲುವ ಮಾತೇ ಇರಲಿಲ್ಲ. ಹತ್ತಿರದಲ್ಲಿ ಎಣ್ಣೆ ಕೊಡುವವರು ಯಾರೂ ಉಳಿದಿರಲಿಲ್ಲ.

ಹೆನ್ಲಿ ರಕ್ಷಿಸಿದವರಿಂದ ತೆಪ್ಪಗಳ ವಿಷಯ ತಿಳಿದು ಹುಡುಕಾಟ ಮುಂದುವರಿಯಿತು. ಹಾರಿದವರಲ್ಲಿ 68 ಜನ ಕೆಲವು ತೆಪ್ಪಗಳನ್ನು ಒಂದಕ್ಕೊಂದು ಕಟ್ಟಿಕೊಂಡಿದ್ದರು. ನೆರಳಿಲ್ಲ, ಕುಡಿಯುವ ನೀರು ಸಾಲದು. ದಾಳಿಯಾಗಿ ಸುಮಾರು ಹತ್ತು ದಿನದ ಮೇಲೆ ಹೆಲ್ಮ್ ಡೆಸ್ಟ್ರಾಯರಿಗೆ ಒಂದು ತೆಪ್ಪ ಸಿಕ್ಕಿತು. ಅದರಲ್ಲಿ ಜೀವಂತ ಇದ್ದವರು ನಾಲ್ವರು. ಅವರಲ್ಲೂ ಇಬ್ಬರು ಉಳಿಯಲಿಲ್ಲ.